ಎಲ್ಬರ್ಟ್ ಚೆಂಡು ಕೈಬಿಡಲಿಲ್ಲವೆಂಬ ಠರಾವು

ಸಾರ್ವಕಾಲಿಕ ಶ್ರೇಷ್ಠ ಕಾಲೇಜು ಫುಟ್‌ಬಾಲ್ ತಂಡಗಳ ಪಟ್ಟಿಯಲ್ಲಿ ಅಲಬಾಮಾದ ನಮ್ಮ ಟಾಲ್ಬಟ್ ಫೆರಿ ಕಾಲೇಜಿನದು ಅರವತ್ತೊಂದನೇ ಸ್ಥಾನ. ಒಂದೇ ಒಂದು ರಾಷ್ಟ್ರೀಯ ಪ್ರಶಸ್ತಿ ಸೇರಿದರೆ ಐವತ್ತೆಂಟಕ್ಕೆ ಏರಬಹುದೆಂದು ಕ್ರೀಡಾ ನಿರ್ದೇಶಕ ಹಾರ್ಲನ್ ಪ್ಯೂ ಲೆಕ್ಕ ಹಾಕಿದರು. ಮುಂದೆ ಗೆಲ್ಲುವುದು ಕಷ್ಟವಾದ್ದರಿಂದ ಹಿಂದೆ ಗೆಲ್ಲತಕ್ಕದ್ದೆಂದು ಕಾಲೇಜಿನ ಕ್ರೀಡಾ ಸಮಿತಿ ತೀರ್ಮಾನಿಸಿತು. ಹಳೆಯ ಕಾಲದಲ್ಲಿ ಒಂದೊಂದು ಪತ್ರಿಕೆಯೂ ತನಗೆ ತೋಚಿದ ತಂಡವನ್ನು ಚಾಂಪಿಯನ್ ಎಂದು ಸಾರುತ್ತಿದ್ದುದರಿಂದ, ಎಷ್ಟೋ ವರ್ಷಗಳ ಮೇಲೆ ಪ್ರಶಸ್ತಿ ತಮ್ಮದೆಂದು ಹೇಳಿಕೊಂಡು ಹೀಗೆ ತಡವಾಗಿ ಗೆದ್ದ ಕಾಲೇಜುಗಳು ಬೇಕಾದಷ್ಟಿವೆ. ನಾನು ಆ ಸಮಿತಿಯ ಕಾರ್ಯದರ್ಶಿ.

ಆರಿಸಿದ್ದು ೧೯೫೬ನೇ ಇಸವಿ. ಆ ವರ್ಷ ಸೋತದ್ದು ಕೊನೆಯ ಪಂದ್ಯ ಮಾತ್ರ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್; ಗೆಲುವಿನ ಗೆರೆಯ ಹತ್ತಿರ ನಮ್ಮ ಆಟಗಾರ ಎಲ್ಬರ್ಟ್ ಸ್ಟ್ರಿಕ್ಲಿನ್ ಕೈಗೆ ಬಂದ ಚೆಂಡನ್ನು ಬಿಟ್ಟಿದ್ದರು. ಈಗ ಅವರಿಗೆ ಎಂಬತ್ತೊಂಬತ್ತು. ಊರಿನ ಕ್ಷೌರದಂಗಡಿಯಲ್ಲಿ ಇವತ್ತಿಗೂ ಅವರಿಗೆ ಕಾಫಿಯನ್ನು ಕೈಗೆ ಕೊಡುವುದಿಲ್ಲ, ಮೇಜಿನ ಮೇಲೆ ಇಡುತ್ತಾರೆ.

ನಾವು ಅವರ ಮನೆಗೆ ಹೋದೆವು.

“ಯಜಮಾನ್ರೇ, ಈ ಠರಾವಿಗೆ ಒಂದ್ ಸಹಿ ಹಾಕ್ಬಿಡಿ. ನೀವು ಚೆಂಡು ಬಿಟ್ಟೇ ಇಲ್ಲ, ಅಷ್ಟೇ,” ಅಂದರು ಪ್ಯೂ.

“ಬಿಟ್ಟೆ ಕಣಯ್ಯಾ! ಹದಿನೆಂಟು ಸಾವಿರ ಜನ ನೋಡಿದಾರೆ.”

“ಅವರಲ್ಲಿ ಬಹುತೇಕ ಜನ ತೀರ್ಕೊಂಡಿದಾರೆ.”

ಎಲ್ಬರ್ಟ್ ಪೆನ್ನು ಎತ್ತಿಕೊಂಡರು. ಪಾಪ, ಅಷ್ಟು ವರ್ಷದ ಅವಮಾನ ತೊಳೆದುಹೋಗುವುದು ಯಾರಿಗೆ ಬೇಡ! ಅಷ್ಟರಲ್ಲಿ ಅವರ ಹೆಂಡತಿ ಓಲೀಟಾ ಅಡುಗೆಮನೆಯಿಂದ ಬಂದರು.

“ರೀ, ಸಹಿ ಹಾಕೀರಿ, ಜೋಕೆ! ಅವತ್ತು ಚೆಂಡು ಬಿಟ್ಟು ಬೆಂಚಿನ ಹಿಂದೆ ಕೂತು ಅಳ್ತಿದ್ರಿ ಅಂತ ತಾನೇ ನಾನು ಸಮಾಧಾನ ಮಾಡೋಕೆ ಬಂದಿದ್ದು? ಬಿಡಲೇ ಇಲ್ಲ ಅಂದ್ರೆ ನಾನ್ಯಾಕೆ ಬರ್ತಿದ್ದೆ? ನಮ್ಮ ಮದುವೆ ಕಥೆ ಏನು?”

ಎಲ್ಬರ್ಟ್ ಪೆನ್ನು ಕೆಳಗಿಟ್ಟರು. “ನಿಮ್ಮ ಪಟ್ಟಿ ಹಾಳಾಗ್ಲಿ. ನಂಗೆ ಇವಳು ಬೇಕು.”

ಸಮಿತಿ ತುರ್ತಾಗಿ ಸಭೆ ಸೇರಿ ಠರಾವಿಗೆ ಏಳನೇ ನಿಯಮವನ್ನು ಸೇರಿಸಿತು: “ಚೆಂಡು ಬಿದ್ದಿರುವುದಿಲ್ಲ. ಆದಾಗ್ಯೂ, ಸದರಿ ಬೀಳದ ಚೆಂಡಿನ ಕಾರಣ ಶ್ರೀಮತಿಯವರು ಹೇಳಿದ ಸಮಾಧಾನವೂ ತರುವಾಯ ನಡೆದ ವಿವಾಹವೂ ಸಿಂಧುವಾಗಿರತಕ್ಕದ್ದು.” ಓಲೀಟಾ ಎರಡು ಸಲ ಓದಿ ಒಪ್ಪಿದರು. ಎಲ್ಬರ್ಟ್ ಸಹಿ ಹಾಕಿದರು. ಎದುರಾಳಿ ಕಾಲೇಜು ಆಕ್ಷೇಪಿಸಲಿಲ್ಲ. ಅದೂ ಅದೇ ವರ್ಷದ ಪ್ರಶಸ್ತಿ ಗೆದ್ದಿದೆ.

ಸನ್ಮಾನದ ದಿನ ತುಂಬಿದ ಮೈದಾನದ ನಡುವೆ ಪ್ಯೂ ಅವರು ಎಲ್ಬರ್ಟ್ ಅವರಿಗೆ ಚಾಂಪಿಯನ್ ಉಂಗುರ ತೊಡಿಸಿ, ಅದೇ ಹಳೆಯ ಚೆಂಡನ್ನು ಕೈಗೆ ಕೊಟ್ಟರು. ಬಿತ್ತು. ಜನರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಎಲ್ಬರ್ಟ್ ಕಣ್ಣೊರೆಸಿಕೊಂಡರು, ಓಲೀಟಾ ಬಂದು, ಏಳನೇ ನಿಯಮದಂತೆ, ಬೆನ್ನು ಸವರಿದರು. ಚೆಂಡನ್ನು ಭದ್ರವಾಗಿ ಹಿಡಿದರೆಂದು ನಾನು ನಡಾವಳಿಯಲ್ಲಿ ನಮೂದಿಸಿದೆ.

ಈಗ ನಾವು ಐವತ್ತೆಂಟನೆಯವರು. ಕ್ಷೌರದಂಗಡಿಯಲ್ಲಿ ಎಲ್ಲರೂ ಎಲ್ಬರ್ಟ್ ಅವರನ್ನು “ಬನ್ನಿ ಚಾಂಪಿಯನ್” ಎಂದೇ ಕರೆಯುತ್ತಾರೆ. ಕಾಫಿ ಮಾತ್ರ ಮೇಜಿನ ಮೇಲೆ ಇಡುತ್ತಾರೆ.