ಮುಶಿಗೇರಿಯ ಹೊಸಾ ಹಳೇ ಹುಡೇವು

ಹಾಲಸಿದ್ದಪ್ಪ ಮಾಡಿದ್ದು ಊರೆಲ್ಲ ಮಾಡಿದ ತಪ್ಪನ್ನೇ. ಗಜೇಂದ್ರಗಡದ ಕೋಟೆಗೆ ದಂಡು ಬಂದ ಸುದ್ದಿ ಮುಟ್ಟಿಸಲು ಮುಶಿಗೇರಿಯಲ್ಲಿ ಹಿಂದೊಂದು ಹುಡೇವು ಇತ್ತು. ಕಾವಲಿನ ದುಂಡು ಬುರುಜು. ಯಾವ ದಂಡಿಗೂ ಬೀಳದ ಅದನ್ನು ಊರವರು ಬುಟ್ಟಿಗಟ್ಟಲೆ ಹೊತ್ತು ತಮ್ಮ ಮಾಳಿಗೆಗೆ ಹಾಕಿಕೊಂಡರು. ಹಳೇ ಮಣ್ಣು ಹಾಕಿದರೆ ಮಾಳಿಗೆ ಸೋರುವುದಿಲ್ಲವಂತೆ. ಕೊನೆಯ ಬುಟ್ಟಿ ಹಾಲಸಿದ್ದಪ್ಪನ ಪಾಲಿಗೆ ಬಂತು. ಹುಡೇವು ಇದ್ದಲ್ಲಿಗೆ ಪಕ್ಕದ ಜಾಗದಲ್ಲಿ ಮಗಳು ಮೇಘಾಳ ಹೊಲಿಗೆ ಅಂಗಡಿಗೆ ಬುನಾದಿಯನ್ನೂ ತೋಡಿದ್ದ.

ಅಷ್ಟರಲ್ಲಿ ಒಂದು ಮುಂಜಾನೆ ಸುದ್ದಿ ಬಂತು: ಹಳೇ ಕೋಟೆಗಳನ್ನು ಕಾಯುವ ಇಲಾಖೆಯ ಮೇಡಂ ಸಂಜೆಗೆ ಹುಡೇವು ನೋಡಲು ಬರುತ್ತಾರೆ.

"ಹುಡೇವು ಎಲ್ಲೈತಿ ಅಂದ್ರ ಏನ್ ಹೇಳ್ಲಿ? ಮಾಳಿಗಿ ತೋರಸ್ಲೇನು? ಮೇಘಾನ ಅಂಗಡಿ ಕೆಲಸಾ ಬಂದ್ ಮಾಡಸ್ತಾರ!" ಹಾಲಸಿದ್ದಪ್ಪ ತಲೆಮೇಲೆ ಕೈಹೊತ್ತು ಕೂತ.

ನೆರೆಮನೆಯ ಗೋಡೆ ಕಟ್ಟುವ ಗೌಂಡಿ ಜಂಗ್ಲಿಸಾಬ ಬೀಡಿ ಆರಿಸಿ ಎದ್ದ. "ನಮ್ಮ ಮುತ್ಯಾಗೋಳು ಕಟ್ಟಿದ್ದು ನಮಗ ಕಟ್ಟಾಕ ಬರೂದಿಲ್ಲೇನು? ಸಂಜಿ ಆಗೂದ್ರಾಗ ಎದಿಮಟ ಎಬ್ಬಸೂಣು, ಏಳು."

ಊರಿಗೆ ಊರೇ ನೆರೆಯಿತು. ಸಲಹೆ ಕೊಡಲು ಎಲ್ಲರಿಗೂ ಪುರಸೊತ್ತಿತ್ತು. ಅಂಗಡಿಗೆ ತರಿಸಿದ್ದ ಕಲ್ಲೆಲ್ಲ ಹುಡೇವಿಗೆ ಹೋಯಿತು. ಮಣ್ಣು ಸಾಲದೆ ಹಾಲಸಿದ್ದಪ್ಪನ ಮಾಳಿಗೆಯನ್ನೇ ಕೆರೆದು ಇಳಿಸಿದರು. ಹಳೆಯದು ಕಾಣಲೆಂದು ಯಾರೋ ನಡುನಡುವೆ ಜಾಲಿಕಂಟಿ ಸಿಗಿಸಿದರು. ಹಾಲಸಿದ್ದಪ್ಪನ ಹೆಂಡತಿ ತಿಪ್ಪವ್ವನ ಕೈ ಮಾತ್ರ ಸುಮ್ಮನಿರಲಿಲ್ಲ. ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಿಬಿಟ್ಟಳು.

"ಏ ಇವಳ, ಮುತ್ಯಾನ ಕಾಲದ ಹುಡೇವಿಗೆ ಹಸಿ ಸೆಗಣಿ ಬಳದೀಯಲ್ಲ!" ಎಂದು ಹಾಲಸಿದ್ದಪ್ಪ ರೇಗಿದ.

"ಹಂಗ ಬಿಟ್ರ ಬಂದ ಮಂದಿ ಏನಂದಾರು?"

ಮೇಡಮ್ಮನ ಜೀಪು ಬಂತು. ಮೇಡಂ ಒಂದು ಸುತ್ತು ಹಾಕಿ, ಸಾರಣೆ ಮುಟ್ಟಿ ನೋಡಿ ಕಣ್ಣರಳಿಸಿದರು. "ಅಬ್ಬಾ! ಹುಡೇವನ್ನ ಇಷ್ಟು ಭಕ್ತಿಯಿಂದ ಕಾಯ್ಕೊಂಡ ಊರು ನಾ ಎಲ್ಲೂ ಕಂಡಿಲ್ಲ."

"ದಿನಾ ಸಾರಸ್ತೀವ್ರಿ," ಎಂದ ಹಾಲಸಿದ್ದಪ್ಪ ಉಬ್ಬಿಹೋಗಿ.

"ಖರೇ ಅಂದ್ರ, ಇಲ್ಲೇನೂ ಉಳದಿಲ್ಲ ಅಂತ ಕೇಳಿದ್ದೆ. ಹುಡೇವು ಇಲ್ಲಾಂದ್ರ ನಮ್ಮ ಪಟ್ಟಿಯಿಂದ ಹೆಸರು ತಗದು, ಜಾಗಾ ಬಿಟ್ಟುಕೊಟ್ಟು ಹೋಗೂಣಂತ ಬಂದಿದ್ದೆ. ಇನ್ನ ಆಗೂದಿಲ್ಲ. ಇದರ ಸುತ್ತಮುತ್ತ ಯಾರೂ ಒಂದು ಇಟ್ಟಂಗಿನೂ ಇಡಂಗಿಲ್ಲ. ಆ ಬುನಾದಿ ಯಾರದು? ಮುಚ್ಚಸ್ರಿ."

ಹಾಲಸಿದ್ದಪ್ಪ ಕಂಗಾಲಾದ. "ಮೇಡಂ, ಇದು ಹುಡೇವಲ್ರೀ! ಇವತ್ತ ಮುಂಜಾನೆಯಿಂದ ನಾವ ಕಟ್ಟೇವ್ರಿ!"

ಮೇಡಂ ಹುಬ್ಬು ಗಂಟಿಕ್ಕಿ ಮಂದಿಯತ್ತ ತಿರುಗಿದರು. ಗೆಳೆಯ ಹೆದರಿ ಬಾಯಿಬಿಟ್ಟನೆಂದು ಜಂಗ್ಲಿಸಾಬನ ಕರುಳು ಚುರುಕ್ಕೆಂದಿತು. ಲಗುಬಗೆಯಿಂದ ಮುಂದೆ ಬಂದ.

"ಬಿಸಲಿಗೆ ಅವನ ತಲಿ ತಿರುಗೇತ್ರಿ. ಇದು ನಮ್ಮ ಮುತ್ಯಾನ ಮುತ್ಯಾ ಕಟ್ಟಿದ್ದರೀ. ಏನ್ರಪಾ, ಹೌದಲ್ಲೋ?"

ಊರೆಲ್ಲ ಒಂದೇ ದನಿಯಲ್ಲಿ "ಹೌದ್ರೀ!" ಎಂದಿತು.