ನೂರು ಮೆಗಾಬಿಟ್ಟಿನ ಅಳಿಯ

ಮನೆಮನೆಗೆ ಇಂಟರ್ನೆಟ್ ಲೈನ್ ಎಳೆದುಕೊಡುವ ನನ್ನಂಥವನಿಗೆ ಕಳ್ಳ ಅನ್ನಿಸಿಕೊಳ್ಳದೆ ವಾರ ಕಳೆಯುವುದು ಕಷ್ಟ. ಕಾರಣ ಇಷ್ಟೇ. ಕಂಪನಿಯವರು ವೇಗವನ್ನು ಮೆಗಾಬಿಟ್ ಲೆಕ್ಕದಲ್ಲಿ ಹೇಳಿ ಮಾರುತ್ತಾರೆ, ಸಿನಿಮಾ ಇಳಿಸಿಕೊಳ್ಳುವಾಗ ಪರದೆ ಅದನ್ನೇ ಮೆಗಾಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನೂರು ಅಂತ ಕೊಟ್ಟದ್ದು ಮನೆಯಲ್ಲಿ ಹನ್ನೆರಡೂವರೆಯಾಗಿ ಕಾಣುತ್ತದೆ. ಬೈಸಿಕೊಳ್ಳುವುದು ನನಗೆ ರೂಢಿಯಾಗಿಬಿಟ್ಟಿತ್ತು. ಆದರೆ ಈ ಸಲ ಆ ಎಂಟು ನನ್ನ ಮದುವೆಗೇ ಅಡ್ಡ ಬಂತು.

೧. ಸೂಟು

ಶಹಾಪುರದಲ್ಲಿ ರೈತರ ಹತ್ತಿ ತೂಗಿ ಕೊಳ್ಳುವ ಅಡತಿ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರ ಮನೆಗೆ ಲೈನ್ ಹಾಕಿಕೊಟ್ಟೆ. ನಾನು ಏಣಿ ಹತ್ತಿದ ರೀತಿ ನೋಡಿಯೋ ಏನೋ, ಹುಡುಗ ಗಟ್ಟಿಗ ಅನ್ನಿಸಿರಬೇಕು. ಸುರಪುರದಲ್ಲಿರುವ ತಮ್ಮ ತಂಗಿಯ ಮಗಳಿಗೆ ನನ್ನನ್ನು ಕೇಳಿದರು. ಹುಡುಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಫೋಟೋ ತೋರಿಸಿದರು. ನೋಡಿದ ಕೂಡಲೇ ಈ ಸಂಬಂಧ ಕೈತಪ್ಪಬಾರದು ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಮರುದಿನವೇ ಸಾಹುಕಾರರ ಫೋನು. ಹೋಗಿ ನೋಡಿದರೆ ಪರದೆಯ ಮೇಲಿನ ಹನ್ನೆರಡನ್ನು ಬೆರಳಿನಿಂದ ಕುಟ್ಟುತ್ತ ಕೂತಿದ್ದಾರೆ. ಎಂಟರಿಂದ ಭಾಗಿಸುವ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರ ಕಿವಿಗೆ ಅದು ಭಾಗಾಕಾರವಾಗಿ ಬೀಳಲಿಲ್ಲ, ಸೂಟಾಗಿ ಬಿತ್ತು. ಹತ್ತಿಯಲ್ಲಿ ಧೂಳಿದೆ, ಹಸಿ ಇದೆ ಎಂದು ರೈತನ ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳುವುದಕ್ಕೆ ನಮ್ಮ ಪೇಟೆಯಲ್ಲಿ ಸೂಟು ಅನ್ನುತ್ತಾರೆ.

"ತಮ್ಮಾ, ನಾವು ಕ್ವಿಂಟಲಿಗೆ ಎರಡು ಕಿಲೋ ಸೂಟು ಹಿಡದ್ರ ರೈತರು ರಸ್ತಾದಾಗ ಕುಂದರ್ತಾರ. ನೀ ನೂರಕ್ಕ ಎಂಬತ್ತೆಂಟು ಹಿಡದೀದಿ. ನಿನ್ನ ಮುಂದ ನಾವು ಏನೂ ಅಲ್ಲ ಬಿಡು."

ಆ ಮಾತಿನಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

೨. ಲಕ್ಷ

ಸಂಬಂಧದ ಮಾತು ಅಲ್ಲಿಗೆ ನಿಂತಿತು. ನಾನು ಯಾದಗಿರಿಗೆ ಓಡಿದೆ, ನಮ್ಮ ಮ್ಯಾನೇಜರರ ಹತ್ತಿರ. ಬ್ಯಾನರಿನಲ್ಲಿ ಮೆಗಾಬೈಟ್ ಲೆಕ್ಕವನ್ನೂ ಬರೆಸಿಬಿಡಿ, ಮೊದಲೇ ತಿಳಿದರೆ ಯಾರೂ ಕಳ್ಳ ಅನ್ನುವುದಿಲ್ಲ ಎಂದೆ. ಮ್ಯಾನೇಜರರು ಟೈ ಕಟ್ಟುವ ಮನುಷ್ಯ. ಯಾದಗಿರಿಯ ಬಿಸಿಲಿನಲ್ಲಿ ಟೈ ಕಟ್ಟುವವರ ಬುದ್ಧಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹನ್ನೆರಡೂವರೆ ಅಂತ ಬರೆದರೆ ನಾಯಿಯೂ ಮೂಸಿ ನೋಡುವುದಿಲ್ಲ ಎಂದು ನಕ್ಕರು. ಗಿರಾಕಿಗಳಿಗೆ ಕಡಿಮೆ ಅನ್ನಿಸುತ್ತಿದೆ, ಅಷ್ಟೇ ತಾನೆ, ಅದಕ್ಕೆ ನನ್ನ ಹತ್ತಿರ ಉಪಾಯ ಇದೆ ಎಂದರು.

ಹೊಸ ಬ್ಯಾನರ್ ಬಂತು. ಒಂದು ಮೆಗಾಬಿಟ್ಟಿಗೆ ಸಾವಿರ ಕಿಲೋಬಿಟ್ ಅಲ್ಲವೇ? ನೂರು ಮೆಗಾಬಿಟ್ ಹೋಗಿ ಒಂದು ಲಕ್ಷ ಕಿಲೋಬಿಟ್ ಆಗಿತ್ತು. ಲೈನು ಅದೇ, ವೇಗವೂ ಅದೇ. ಸಂಜೆಯೊಳಗೆ ಗಿರಾಕಿಯೊಬ್ಬರು ಕಂಪನಿಯ ಅಂಗಡಿಗೆ ಬಂದು, ಕೋಟಿಯ ಪ್ಲ್ಯಾನ್ ಬರುವತನಕ ತಾವು ಕಾಯುವುದಾಗಿ ಹೇಳಿ ಹೋದರು.

೩. ಕಮಿಟಿ

ಉಳಿದ ದಾರಿ ಹುಡುಗಿಯ ತಂದೆ. ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಾನು ಕಳ್ಳನಲ್ಲ ಎಂದು ಅವರಿಗಾದರೂ ತಿಳಿಯಲಿ ಅಂತ ಕಚೇರಿಗೇ ಹೋದೆ. ಅದೃಷ್ಟಕ್ಕೆ ಅವರ ಮೇಜಿನ ಮೇಲೆ ಇಂಟರ್ನೆಟ್ಟಿನ ಫೈಲೇ ಇತ್ತು. ನಮ್ಮ ಕಂಪನಿ ನೂರು ಮೆಗಾಬಿಟ್ ಅಂತ ಕೊಟೇಶನ್ ಕೊಟ್ಟಿತ್ತು, ಇನ್ನೊಂದು ಕಂಪನಿ ಅದೇ ರೇಟಿಗೆ ಇಪ್ಪತ್ತು ಮೆಗಾಬೈಟ್ ಅಂದಿತ್ತು. ಇಪ್ಪತ್ತಕ್ಕಿಂತ ನೂರು ದೊಡ್ಡದೆಂದು ಕಮಿಟಿ ನಮ್ಮನ್ನು ಆರಿಸಿತ್ತು.

ಪ್ರಾಮಾಣಿಕತೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಇಪ್ಪತ್ತು ಮೆಗಾಬೈಟ್ ಅಂದರೆ ನೂರಾ ಅರವತ್ತು ಮೆಗಾಬಿಟ್ ಆಗುತ್ತದೆ, ನಮ್ಮದಕ್ಕಿಂತ ಅವರದೇ ಹೆಚ್ಚು ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನೂರು ದೊಡ್ಡದು ಅಂತ ಕಮಿಟಿ ಸಹಿ ಮಾಡೇದ. ಈಗ ನೀವು ಬಂದು ಸಣ್ಣದು ಅಂದ್ರ ಇನ್ನೊಂದು ಕಮಿಟಿ ಮಾಡಬೇಕಾಗ್ತದ. ಅಲ್ಲಾ, ತನ್ನ ಕಂಪನಿ ಮಾಲು ತಾನೇ ಕಡಿಮಿ ಅನ್ನಾಂವ ನಾಳಿಗೆ ಸಂಸಾರ ಹೆಂಗ ಮಾಡ್ತಾನ?"

ಹುಡುಗಿಯ ಸೋದರಮಾವನಿಗೆ ಕಳ್ಳನಾಗಿ ಕಂಡವನು ಅವಳ ಅಪ್ಪನಿಗೆ ಪೆದ್ದನಾಗಿ ಕಂಡೆ. ಆ ಕಚೇರಿಯಲ್ಲಿ ಮಾತ್ರ ಇಂದಿಗೂ ನೂರಾ ಅರವತ್ತಕ್ಕಿಂತ ನೂರೇ ದೊಡ್ಡದು.

೪. ಗಂಡಿನ ಗುಣ

ಇನ್ನು ಮುಗಿಯಿತು ಅಂದುಕೊಂಡಿದ್ದೆ. ಇಬ್ಬರು ಹಿರಿಯರು ಒಬ್ಬನನ್ನೇ ಕಳ್ಳ ಅಂತಲೂ ಪೆದ್ದ ಅಂತಲೂ ಹೇಗೆ ಅನ್ನುತ್ತಾರೆ, ಒಮ್ಮೆ ಕರೆಸಿ ನೋಡೋಣ ಎಂದು ಹುಡುಗಿಯೇ ಹಟ ಹಿಡಿದಳಂತೆ. ಅವ್ವನನ್ನು ಕರೆದುಕೊಂಡು ಸುರಪುರಕ್ಕೆ ಹೋದೆ.

ತಟ್ಟೆಯ ಮಂಡಕ್ಕಿ ಸುಸಲಾ ಖಾಲಿಯಾಗುವ ಮೊದಲೇ, ಶಹಾಪುರದಿಂದ ಬಂದಿದ್ದ ಸಾಹುಕಾರರು ಸೋದರಸೊಸೆಯ ಮುಂದೆ ನನ್ನ ಅಪರಾಧವನ್ನು ಮಂಡಿಸಿದರು. ಆಕೆ ಲೆಕ್ಕ ಸರಿಯಿದೆ, ಸೂಟು ಏನೂ ಹಿಡಿದಿಲ್ಲ ಎಂದಳು. ನನಗೆ ಹೋದ ಜೀವ ಬಂತು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ಲೆಕ್ಕ ಗೊತ್ತಿದ್ದವ್ರು ಮಾರೂಮುಂದ ಯಾಕ ಹೇಳಂಗಿಲ್ರಿ?"

ಕಂಪನಿಯವರು ಬೇಡ ಅನ್ನುತ್ತಾರೆ ಎಂದೆ. ನಾಳೆ ಸಂಸಾರದಲ್ಲೂ ಯಾರೋ ಬೇಡ ಅಂದರು ಅನ್ನುವವನೇ ಇವನು, ಎನ್ನುವ ಹಾಗೆ ನೋಡಿದಳು.

ಸಂಬಂಧ ಜಾರುತ್ತಿದೆ ಎಂದು ಅವ್ವನಿಗೆ ಹೊಳೆಯಿತು. ಗಂಡಿನ ಕಡೆಯವರು ಗಂಡಿನ ಗುಣಗಾನ ಮಾಡುವ ಪದ್ಧತಿ ಇದೆಯಲ್ಲ, ಅದನ್ನು ಶುರುಮಾಡಿದಳು. ನಸುಕಿನಲ್ಲೇ ಏಳುತ್ತಾನೆ. ಹಿರಿಯರಿಗೆ ಎದುರಾಡಿದವನಲ್ಲ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲದಾಗ ತಾನೇ ಜೋಳದ ರೊಟ್ಟಿ ಬಡಿಯುತ್ತಾನೆ. ಚಟ ಅನ್ನುವುದು ಒಂದೂ ಇಲ್ಲ, ಚಹಾ ಸಹ ಮುಟ್ಟುವುದಿಲ್ಲ. ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟೆ.

ಹುಡುಗಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು.

"ಅವ್ವಾರ, ನೀವು ಹೇಳಿದ್ದು ಬಿಟ್ ಲೆಕ್ಕಾನೋ, ಬೈಟ್ ಲೆಕ್ಕಾನೋ?"

ಅವ್ವನಿಗೆ ಎರಡೂ ಗೊತ್ತಿಲ್ಲ. ನನ್ನ ಮುಖ ನೋಡಿದಳು, ಸಾಹುಕಾರರ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡಳು.

"ಯಾವುದ್ರಾಗ ದೊಡ್ಡದು ಕಾಣ್ತದ, ಅದ್ರಾಗ ಹೇಳೀನವ್ವಾ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ನಿಂತ ಮೇಲೆ ಸಾಹುಕಾರರಿಗೆ ಹೇಳಿದಳು.

"ಮಾಮಾ, ಹುಡುಗಂದು ನನಗಿನ್ನಾ ಗೊತ್ತಾಗಿಲ್ಲ. ಅತ್ತಿ ಮಾತ್ರ ಖರೇ ಹೇಳ್ತಾರ. ಮುಹೂರ್ತ ತಗಸ್ರಿ."