ಜಾವಳಿ ಗದ್ದೆಯಲ್ಲಿ ಒಂದೂವರೆ ಸುತ್ತು

ಈ ವಿಷಯ ಹೇಳುವುದನ್ನು ನಾನು ಸುಮಾರು ನಲವತ್ತು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ನನ್ನನ್ನು ಬಲ್ಲವರು ಇದನ್ನು ಓದಿದರೆ, "ಸುಳ್ಳು, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೆಲ್ಲ ಇದನ್ನೇ ಹೇಳ್ತಿದ್ದರಲ್ಲ" ಎನ್ನುತ್ತಾರೆ. ನಿಜ. ಮೋಟಾರ್ ಸೈಕಲ್ ಸಮೇತ ಮೊಸರನ್ನದ ಪಾತ್ರೆಗೆ ನುಗ್ಗಿದ್ದನ್ನು ನೂರು ಸಲ ಹೇಳಿದ್ದೇನೆ, ಜನ ನೂರು ಸಲ ನಕ್ಕಿದ್ದಾರೆ. ಆದರೆ ನುಗ್ಗಿದ ಮೇಲೆ ನಾನು ಆಡಿದ ಒಂದು ಮಾತಿನಿಂದ ಒಬ್ಬ ಮೆಕ್ಯಾನಿಕರ ಅಂಗಡಿ ಮುಚ್ಚಿತು ಎಂಬ ಭಾಗಕ್ಕೆ ಬರುವಷ್ಟರಲ್ಲಿ ಪ್ರತಿ ಸಲವೂ ಪಾಯಸ ಬಡಿಸುವವರು ಅಡ್ಡ ಬರುತ್ತಿದ್ದರು. ಬರದಿದ್ದರೆ ನಾನೇ ಕೂಗಿ ಕರೆಯುತ್ತಿದ್ದೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಹೈಸ್ಕೂಲು ಮುಗಿಸಿದವನಿಗೆ ಅದು ದೊಡ್ಡ ಹುದ್ದೆ. ಆಳುಗಳ ಹಾಜರಿ ಹಾಕುವುದು, ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಯಂತ್ರದಲ್ಲಿ ಬಿಡಿಸುವುದು, ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಬೀಜ ಕಾಯುವುದು, ಇಷ್ಟು ಮಾಡಿ ಸಂಜೆ ಮೋಟಾರ್ ಸೈಕಲ್ ಹತ್ತಿ ಆಲ್ದೂರಿಗೆ ಹೋಗಿ ಬಂದರೆ ನನ್ನಂಥ ಸವಾರ ಜಿಲ್ಲೆಯಲ್ಲೇ ಇಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಬೇರೆ ಯಾರಿಗೂ ಹಾಗೆ ಅನ್ನಿಸಿದ್ದು ಗೊತ್ತಿಲ್ಲ.

ಎಸ್ಟೇಟಿನ ಯಜಮಾನರಾದ ನಮ್ಮ ಗೌಡರ ಮಗ, ನಾವೆಲ್ಲ ಸಣ್ಣ ಗೌಡರು ಎನ್ನುತ್ತಿದ್ದವರು, ಆ ವರ್ಷ ಮದ್ರಾಸಿನಿಂದ ಓದು ಮುಗಿಸಿ ಬಂದಿದ್ದರು. ಜಾವಳಿಯಲ್ಲಿದ್ದ ಅವರ ಗದ್ದೆ ಕೊಯ್ಲು ಮುಗಿದು ಒಣಗಿತ್ತು. ಅಲ್ಲಲ್ಲಿ ಬದು ಕಡಿಸಿ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತರಿಸಿದ್ದ ಸುಣ್ಣದಲ್ಲಿ ಗೆರೆ ಎಳೆಸಿ, ಸುತ್ತು ಹೊಡೆಯುವ ದಾರಿಯೊಂದನ್ನು ಮಾಡಿಸಿದರು. "ಇದು ರೇಸಲ್ಲ, ಟ್ರ್ಯಾಕ್ ಡೇ. ಗೆಲ್ಲೋದು ಸೋಲೋದು ಇಲ್ಲ. ಗಾಡಿ ಇರೋರೆಲ್ಲ ಬನ್ನಿ, ಕಲಿಯೋಣ" ಎಂದರು. ಗೆಲ್ಲುವುದು ಇಲ್ಲ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ನಿಯಮಗಳ ಕಾಗದವನ್ನು ಆಫೀಸಿನ ಗೋಡೆಗೆ ಅಂಟಿಸಿದ್ದರು. ಲೈಟಿನ ಗಾಜಿಗೆ ಟೇಪು ಸುತ್ತಬೇಕು, ಕನ್ನಡಿ ಬಿಚ್ಚಿಡಬೇಕು, ಸ್ಟ್ಯಾಂಡು ಕಟ್ಟಬೇಕು, ಬ್ರೇಕು ನೋಡಿಸಿರಬೇಕು. ಸವಾರನಿಗೆ ಹೆಲ್ಮೆಟ್, ಕೈಗವಸು, ಬೂಟು, ದಪ್ಪ ಅಂಗಿ. ಹೆಲ್ಮೆಟ್ಟನ್ನು ಮೂಡಿಗೆರೆಯ ಒಬ್ಬ ಬ್ಯಾಂಕ್ ಗುಮಾಸ್ತರಿಂದ ಎರವಲು ತಂದೆ. ಅವರ ತಲೆ ಇಲಾಖಾ ಪರೀಕ್ಷೆ ಪಾಸು ಮಾಡಿದ ದೊಡ್ಡ ತಲೆ. ನನ್ನ ತಲೆಗೆ ಮೊದಲು ಒಂದು ಟವೆಲ್ ಸುತ್ತಿಕೊಳ್ಳಬೇಕಾಯಿತು. ಬೂಟಿನ ಬದಲು ಮಳೆಗಾಲದ ಗಂಬೂಟು. ದಪ್ಪ ಅಂಗಿಗೆಂದು ನನ್ನ ಹೆಂಡತಿ ಸರೋಜ ಹಳೇ ಕೋಟಿನ ಮೊಣಕೈಗೆ, ಬೆನ್ನಿಗೆ ಗೋಣಿಚೀಲದ ತೇಪೆ ಹಾಕಿದಳು. ಬೆನ್ನಿನ ತುಂಡಿನ ಮೇಲೆ 'ಬಿ ಗ್ರೇಡ್' ಎಂಬ ಮುದ್ರೆ ಹಾಗೇ ಇತ್ತು. ಬೇರೆ ಚೀಲ ಸಿಗಲಿಲ್ಲವಾ ಎಂದು ಕೇಳಿದ್ದಕ್ಕೆ, "ಇದ್ದದ್ದೇ ಅಲ್ವಾ, ಇರ್ಲಿ ಬಿಡಿ" ಎಂದಳು.

ತಿರುವಿನಲ್ಲಿ ಮೈ ವಾಲಿಸಬೇಕು ಎಂದು ಸಣ್ಣ ಗೌಡರು ಹೇಳಿದ್ದರಿಂದ ಬೆಳಿಗ್ಗೆ ಹಾಜರಿ ಕರೆಯುವಾಗ ಬೆಂಚಿನ ಮೇಲೆ ಕೂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಅಭ್ಯಾಸ ಮಾಡಿದೆ. ಮೂರನೇ ದಿನ ನಮ್ಮ ಮೇಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿ, "ರೈಟ್ರೇ, ಓಮದ ಕಷಾಯ ಕುಡೀರಿ. ನಮ್ಮ ಅತ್ತೆಗೂ ಹೀಗೇ ಆಗಿತ್ತು" ಎಂದ.

ಗಾಡಿಯನ್ನು ಸಿದ್ಧ ಮಾಡಿದವರು ಆಲ್ದೂರಿನ ಮೆಕ್ಯಾನಿಕರು. ಎಲ್ಲರೂ ಸಾಬರು ಎಂದೇ ಕರೆಯುತ್ತಿದ್ದರು, ನಾನೂ ಅಷ್ಟೇ. ಸುತ್ತಲಿನ ಏಳೆಂಟು ತೋಟಗಳ ಜೀಪು ಅವರ ಕೈಯಲ್ಲೇ ರಿಪೇರಿಯಾಗುತ್ತಿತ್ತು. ಅವರ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಲೈನರ್ ಹಾಕಿ, ಚೈನು ಬಿಗಿ ಮಾಡಿ ಕೊಟ್ಟು, "ಎಲ್ಲ ಸರಿ ಉಂಟು ರೈಟ್ರೇ. ಇನ್ನು ನೀವು ಯಾವುದಕ್ಕೂ ಕೈ ಹಾಕ್ಬೇಡಿ ಮಾರಾಯ್ರೇ" ಎಂದರು. ನನ್ನ ಕೈಯ ಪರಿಚಯ ಅವರಿಗಿತ್ತು.

ಆದರೆ ಫೆಬ್ರವರಿಯಲ್ಲಿ ನಮ್ಮ ತೋಟಗಳಲ್ಲಿ ಒಂದು ಪದ್ಧತಿಯಿದೆ. ಹಣ್ಣಿನ ಕೆಲಸ ಮುಗಿಯುತ್ತಲೇ ಪಲ್ಪರ್ ಯಂತ್ರವನ್ನು ಬಿಚ್ಚಿ, ತೊಳೆದು, ತಿರುಗುವ ಭಾಗಕ್ಕೆಲ್ಲ ಗ್ರೀಸು ಮೆತ್ತಿ, ಗೋಣಿ ಹೊದಿಸಿ ಮಲಗಿಸುವುದು. ಆ ವಾರವಿಡೀ ನನಗೆ ಅದೇ ಕೆಲಸ. ಕೈಯಲ್ಲಿ ಗ್ರೀಸಿನ ಡಬ್ಬಿ, ಕಣ್ಣೆದುರು ಮೋಟಾರ್ ಸೈಕಲ್. ಚಕ್ರ ಬಿಚ್ಚಿ ನೋಡಿದರೆ ಒಳಗೆ ಬ್ರೇಕಿನ ಡ್ರಮ್ಮು ಒಣಕಲಾಗಿತ್ತು. ಸಾಬರು ಮರೆತಿದ್ದಾರೆ ಎಂದುಕೊಂಡೆ. ತಿರುಗುವ ವಸ್ತುವಿಗೆ ಗ್ರೀಸು ಬೇಡವೇ? ಎರಡೂ ಚಕ್ರಕ್ಕೆ, ಡ್ರಮ್ಮನ್ನು ಒತ್ತಿ ಹಿಡಿದು ಗಾಡಿ ನಿಲ್ಲಿಸುವ ಲೈನರ್ ಮೇಲೆ, ಮಗುವಿಗೆ ಎಣ್ಣೆ ತಿಕ್ಕುವಷ್ಟು ಪ್ರೀತಿಯಿಂದ ತಿಕ್ಕಿದೆ. ಟ್ರ್ಯಾಕ್ ಡೇ ಇದ್ದ ಭಾನುವಾರ, ಟಯರಿಗೆ ಧೂಳಾಗಬಾರದೆಂದು ಗಾಡಿಯನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಮಲಗಿಸಿಕೊಂಡು ಹೋದೆ. ಹಾಗಾಗಿ ದಾರಿಯಲ್ಲಿ ಬ್ರೇಕು ಹಿಡಿದು ನೋಡುವ ಸಂದರ್ಭವೇ ಬರಲಿಲ್ಲ.

ಮೊದಲ ಸುತ್ತು ನಿಧಾನವಾಗಿ ಹೋಗಬೇಕೆಂದು ಅಪ್ಪಣೆಯಾಗಿತ್ತು. ಎಮ್ಮೆಯೊಂದು ನನ್ನ ಪಕ್ಕದಲ್ಲೇ ಸ್ವಲ್ಪ ದೂರ ಜೊತೆ ಕೊಟ್ಟಿತು. ಎರಡನೇ ಸುತ್ತಿಗೆ ಆಕ್ಸಿಲರೇಟರ್ ತಿರುಗಿಸಿದೆ. ಗದ್ದೆಯ ಆಚೆ ತುದಿಯಲ್ಲಿ ಮೊದಲ ತಿರುವು ಬಂತು, ಬ್ರೇಕು ಹಿಡಿದೆ, ಗಾಡಿಗೆ ಅದು ಗೊತ್ತೇ ಆಗಲಿಲ್ಲ. ಕಲಿತಂತೆ ಮೈ ವಾಲಿಸಿದೆ. ನಾನು ಮಾತ್ರ ವಾಲಿದೆ, ಗಾಡಿ ನೇರ ಹೋಯಿತು. ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿದ್ದರಿಂದ ಮುಂದಿನದ್ದನ್ನು ನಾನು ಬೇರೆಯವರ ಬಾಯಿಂದ ಕೇಳಿದ್ದು. ಸುಣ್ಣದ ಗೆರೆ ದಾಟಿ, ಊಟಕ್ಕೆಂದು ಹಾಕಿದ್ದ ಶಾಮಿಯಾನದ ಹಗ್ಗ ಹರಿದು, ಕಡುಬಿನ ಬುಟ್ಟಿಯನ್ನು ತಪ್ಪಿಸಿ, ಮೊಸರನ್ನದ ಕೊಳಗದ ಹತ್ತಿರ ನಾನು ನಿಂತೆನಂತೆ. ಹತ್ತಿರ ಎಂದರೆ ಒಳಗೆ. ಬಡಿಸಲು ನಿಂತಿದ್ದ ಗೌಡರ ಹೆಂಡತಿ ಒಂದು ಗೇಣು ಅಂತರದಲ್ಲಿ ಪಾರಾಗಿದ್ದರು.

ದೊಡ್ಡ ಗೌಡರು ಬಂದರು. ಮುಖ ಕೆಂಪಾಗಿತ್ತು. "ಬ್ರೇಕ್ ನೋಡಿದ್ದು ಯಾರ್ರೀ?" ಎಂದರು.

ಕೆಲಸ ಹೋಯಿತು ಎಂದುಕೊಂಡೆ. ಬಾಯಿ ತಾನಾಗಿ ಹೇಳಿತು: "ಆಲ್ದೂರಲ್ಲಿ ಮಾಡಿಸಿದ್ದು ಸಾರ್. ಮೊನ್ನೆಯಷ್ಟೇ." ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆಂದೂ ಹೇಳಿಲ್ಲ.

ಸಾಬರು ಅಲ್ಲೇ ಇದ್ದರು. ಯಾರ ಗಾಡಿಯಾದರೂ ಕೈಕೊಟ್ಟರೆ ಎಂದು ಸಣ್ಣ ಗೌಡರೇ ಅವರನ್ನು ಸ್ಪ್ಯಾನರ್ ಚೀಲದೊಂದಿಗೆ ಕರೆಸಿದ್ದರು. ಅವರು ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರ ಬಿಚ್ಚಿದರು. ಡ್ರಮ್ಮಿಗೆ ಬೆರಳು ಹಾಕಿ ತೆಗೆದು ನೋಡಿದರು. ಗ್ರೀಸಿನಲ್ಲಿ ಕಾಫಿ ಹಣ್ಣಿನ ಸಿಪ್ಪೆಯ ಚೂರುಗಳಿದ್ದವು. ಅಂಥ ಗ್ರೀಸು ಯಾವ ಮೆಕ್ಯಾನಿಕರ ಅಂಗಡಿಯಲ್ಲೂ ಇರುವುದಿಲ್ಲ, ಪಲ್ಪರ್ ಮನೆಯಲ್ಲಿ ಮಾತ್ರ ಇರುತ್ತದೆ. ಒಮ್ಮೆ ನನ್ನ ಮುಖ ನೋಡಿದರು. ಟವೆಲ್ಲು, ಗೋಣಿ, ಗಡ್ಡದಲ್ಲಿ ಒಗ್ಗರಣೆಯ ಸಾಸಿವೆ. ಬೆರಳನ್ನು ತಮ್ಮ ಪ್ಯಾಂಟಿಗೆ ಒರೆಸಿಕೊಂಡರು.

"ಏನಾಗಿತ್ತು?" ಎಂದರು ಗೌಡರು.

"ಗ್ರೀಸು ಹೋಗಿದೆ ಸಾರ್ ಒಳಗೆ. ನಾನು ಸರಿ ಮಾಡಿ ಕೊಡ್ತೇನೆ. ರೈಟ್ರಿಗೆ ಪೆಟ್ಟಾಗ್ಲಿಲ್ಲ, ಅದು ದೊಡ್ಡದು."

ನಾನು ಆಗಲೇ ಹೇಳಬಹುದಿತ್ತು. ಮೊಸರನ್ನ ಒರೆಸಿಕೊಳ್ಳುತ್ತಿದ್ದೆ. ಆ ತಿಂಗಳಿಂದಲೇ ನಮ್ಮ ತೋಟದ ಜೀಪು ರಿಪೇರಿಗೆ ಚಿಕ್ಕಮಗಳೂರಿಗೆ ಹೋಗತೊಡಗಿತು. ಅದನ್ನು ನೋಡಿ ಅಕ್ಕಪಕ್ಕದ ತೋಟಗಳವೂ ಹೋದವು. ಮಳೆಗಾಲಕ್ಕೆ ಮುಂಚೆ ಸಾಬರು ಅಂಗಡಿ ಮುಚ್ಚಿ, ಕುದುರೆಮುಖದಲ್ಲಿ ಯಾರದೋ ಲಾರಿಗಳ ರಿಪೇರಿ ಕೆಲಸಕ್ಕೆ ಸೇರಿದರು.

ಎರಡು ವರ್ಷ ಬಿಟ್ಟು ಕಳಸದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ಬ್ರೇಕು ಹಿಡೀತದಾ ರೈಟ್ರೇ ಈಗ?" ಎಂದು ನಕ್ಕರು. ಹಿಡಿಯುತ್ತದೆ ಎಂದೆ. ಮಕ್ಕಳ ಓದು ಕೇಳಿದೆ, ಕಾಳುಮೆಣಸಿನ ಫಸಲು ಹೇಳಿದೆ, ಟೀ ಕುಡಿಸಿದೆ, ಬನ್ನೂ ತಿನ್ನಿಸಿದೆ. ಬೇಡವೆಂದರೂ ಎರಡನೇ ಬನ್ನು ಕೊಡಿಸಿದೆ. ಬಸ್ಸು ಹೊರಟಾಗ ಕಿಟಕಿಯವರೆಗೆ ಓಡಿಹೋಗಿ ನಾನು ಹೇಳಿದ್ದು, "ಹುಷಾರು, ಹೊರಗೆ ಕೈ ಹಾಕ್ಬೇಡಿ" ಎಂದು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅದಾದ ವಾರಕ್ಕೇ ನಾನು ಇದನ್ನು ಬರೆಯಲು ಕೂತಿದ್ದೇನೆ. ನನ್ನ ಧೈರ್ಯ ಎಂಥದ್ದು ಎಂದು ನೀವೇ ನೋಡಿ: ಕೇಳಬೇಕಾದವರು ಇನ್ನು ಕೇಳಿಸಿಕೊಳ್ಳಲಾರರು ಎಂದು ಖಾತ್ರಿಯಾದ ಮೇಲೆ ಬಂದದ್ದು. ಸರೋಜ ಹಿಂದಿನಿಂದ ಬಗ್ಗಿ ಓದಿ, "ಇಷ್ಟುದ್ದ ಬರೆದಿದ್ದೀರಿ, ಅವರ ಹೆಸರೇ ಇಲ್ವಲ್ಲ" ಎಂದಳು. ಹೌದು. ಹಸನಬ್ಬ. ಅವರ ಹೆಸರು ಹಸನಬ್ಬ.